‘ಆರ್ಕೆಸ್ಟ್ರೇಟ್’ ಶಬ್ದದ ಅರ್ಥವಿಚಾರವೂ ಬೀದರ ಸೀಮೆಯ ‘ಕಟ್ಟು’ಗಳೂ

ಗೀತಕ್ಕೂ ರಾಜಕಾರ್ಯಕ್ಕೂ ಒಂದೇ ಶಬ್ದವು ಸಲ್ಲುವುದು ಭಾಷೆಗಳಲ್ಲಿ ಅಪೂರ್ವವಾದ ಸಂಗತಿಯೇನಲ್ಲ. ಇಂಗ್ಲಿಷಿನ ‘ಆರ್ಕೆಸ್ಟ್ರೇಟ್’ ಎಂಬ ಕ್ರಿಯಾಪದವು ಅಂಥವುಗಳಲ್ಲೊಂದು. ಒಂದು ಗೀತದ ಸ್ವರಗಳನ್ನು ಹಲವು ವಾದ್ಯಗಳಿಗೆ ಹಂಚಿಕೊಟ್ಟು, ಅವೆಲ್ಲವೂ ಒಂದಾಗಿ ನುಡಿಯುವಂತೆ ಬರೆದಿಡುವುದು ಅದರ ಮೂಲಾರ್ಥ. ಹಲವು ಜನರಿಗೆ ಹಲವು ಕೆಲಸಗಳನ್ನು ಹಂಚಿಕೊಟ್ಟು, ತಾನು ಮರೆಯಲ್ಲಿ ನಿಂತು, ಉದ್ದೇಶಿಸಿದ ಕಾರ್ಯವನ್ನು ನಡೆಯಿಸುವುದು ಅದರ ಲಾಕ್ಷಣಿಕಾರ್ಥ. ಈ ಎರಡನೆಯ ಅರ್ಥವೇ ಈಗ ಚರಿತ್ರೆಯ ಗ್ರಂಥಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಮೇಲುಗೈಯಾಗಿರುವುದು. ಇದನ್ನು ಕನ್ನಡಿಸುವವರು ಒಮ್ಮೆ ‘ಸಂಯೋಜಿಸು’ ಎಂದೂ, ಒಮ್ಮೆ ‘ಸಂಘಟಿಸು’ ಎಂದೂ, ಮತ್ತೊಮ್ಮೆ ಬರಿದೆ ‘ಏರ್ಪಡಿಸು’ ಎಂದೂ ಬರೆಯುವರು. ಇವು ಮೂರೂ ಒಂದೇ ಅರ್ಥವನ್ನು ಕೊಡುವ ಮಾತುಗಳಲ್ಲ. ಉತ್ಸವವನ್ನು ಏರ್ಪಡಿಸುವುದಕ್ಕೂ ಊರನ್ನು ಸುಡಿಸುವುದಕ್ಕೂ ಒಂದೇ ಕ್ರಿಯಾಪದವನ್ನು ಬಳಸಿದಲ್ಲಿ ಓದುವವನಿಗೆ ಅರ್ಥವಾಗುವುದೇನು?

ಈ ಶಬ್ದದ ವಿಚಾರವನ್ನು ಬೀದರ ಸೀಮೆಯಲ್ಲಿ ನಿಂತು ಮಾಡುವುದಕ್ಕೆ ಕಾರಣವುಂಟು. ಬೀದರ ನಗರ, ಭಾಲ್ಕಿ, ಔರಾದ ಈ ಮೂರು ಎಡೆಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಂಬ ನಾಲ್ಕು ಭಾಷೆಗಳು ಶತಮಾನಗಳಿಂದ ಒಂದೇ ಸಂತೆಯಲ್ಲಿ ವ್ಯವಹರಿಸಿಕೊಂಡು ಬಂದಿವೆ. ಅವುಗಳ ಹಿಂದೆ ಸಂಸ್ಕೃತ, ಪಾರಸೀ, ಅರಬೀ ಎಂಬ ಮೂರು ಶಾಸ್ತ್ರಭಾಷೆಗಳು ನಿಂತಿವೆ. ಗೀತ ಮತ್ತು ಆಡಳಿತಗಳಿಗೆ ಸಮಾನವಾದ ಶಬ್ದಗಳು ಈ ಭಾಷೆಗಳಲ್ಲೆಲ್ಲ ಇಂಗ್ಲಿಷಿನ ನೆರವಿಲ್ಲದೆಯೇ ಹುಟ್ಟಿವೆ. ಆದರೆ ಅವುಗಳ ಬೆನ್ನಿಗಿರುವ ಕಲ್ಪನೆ ಇಂಗ್ಲಿಷಿನದಲ್ಲ. ಆ ಭೇದವನ್ನು ತಿಳಿಯದೆ ಮಾಡಿದ ಭಾಷಾಂತರವು ಸರಿಯಾಗದು.

ಮೊದಲು ಇಂಗ್ಲಿಷು ಶಬ್ದದ ನಿಷ್ಪತ್ತಿ. ಗ್ರೀಕು ಭಾಷೆಯಲ್ಲಿ ‘ಓರ್ಖೇಸ್ತ್ರಾ’ ಎಂದರೆ ನರ್ತಿಸುವ ನೆಲ. ನರ್ತಿಸು ಎಂಬ ಅರ್ಥದ ಧಾತುವಿನಿಂದ ಬಂದುದು. ನಾಟಕಶಾಲೆಯಲ್ಲಿ ರಂಗದ ಮುಂದಿನ ಬಯಲಿಗೆ, ಎಂದರೆ ಮೇಳದವರು ಹಾಡಿ ಕುಣಿಯುವ ಸ್ಥಳಕ್ಕೆ, ಈ ಹೆಸರಿದ್ದಿತು. ರೋಮಿನವರು ಅದೇ ಸ್ಥಳದಲ್ಲಿ ತಮ್ಮ ಸೆನೆಟ್ ಸಭೆಯ ಗೌರವಸ್ಥರಿಗೆ ಆಸನಗಳನ್ನು ಹಾಕಿದರು. ಮುಂದೆ ಯೂರೋಪಿನ ಗೀತನಾಟಕಗಳಲ್ಲಿ ವಾದ್ಯಗಾರರು ಅಲ್ಲಿ ಕುಳಿತುದರಿಂದ ಸ್ಥಳದ ಹೆಸರು ಜನರಿಗೆ ಬಂದಿತು. ಕ್ರಿಯಾಪದವು ಹುಟ್ಟಿದುದು 19ನೆಯ ಶತಮಾನದಲ್ಲಿ. ಕೈಯಲ್ಲಿ ಕೋಲು ಹಿಡಿದು ವಾದ್ಯಗಾರರೆದುರು ನಿಂತು, ತಾನು ಯಾವ ವಾದ್ಯವನ್ನೂ ನುಡಿಸದೆ, ಎಲ್ಲರನ್ನೂ ನಡೆಯಿಸುವ ನಿರ್ದೇಶಕನು ಪ್ರಧಾನ ವ್ಯಕ್ತಿಯಾದುದೂ ಅದೇ ಶತಮಾನದಲ್ಲಿ. ಇದು ಆಕಸ್ಮಿಕವೆಂದು ತೋರುವುದಿಲ್ಲ. ಈ ಶಬ್ದದ ಲಾಕ್ಷಣಿಕಾರ್ಥದಲ್ಲಿ ಮೂರು ಅಂಶಗಳು ಅಡಗಿವೆ: ಹೊರಗೆ ನಿಂತ ಒಬ್ಬ ನಿಯಾಮಕ, ಮೊದಲೇ ಬರೆದಿಟ್ಟ ಪಾಠ, ಒಬ್ಬೊಬ್ಬನಿಗೂ ಗೊತ್ತುಮಾಡಿದ ಪಾಲು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಶಬ್ದವು ಸಲ್ಲದು.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಇದಕ್ಕೆ ಬಹು ಹತ್ತಿರವಾದ ಒಂದು ಪರಿಭಾಷೆಯಿದೆ. ವಾದ್ಯಗಾರರ ಸಮೂಹಕ್ಕೆ ಅಲ್ಲಿ ‘ಕುತಪ’ವೆಂದು ಹೆಸರು. ಪೂರ್ವರಂಗದ ಅಂಗಗಳಲ್ಲಿ ಮೊದಲನೆಯದಾದ ಪ್ರತ್ಯಾಹಾರವೆಂದರೆ ಕುತಪದ ವಿನ್ಯಾಸವೇ. ನೇಪಥ್ಯದ ಎರಡು ಬಾಗಿಲುಗಳ ನಡುವೆ ವಾದ್ಯಗಳನ್ನಿರಿಸಬೇಕೆಂದು ಮುನಿಯು ವಿಧಿಸಿದ್ದಾನೆ. ಗ್ರೀಕರ ಮೇಳವು ರಂಗದ ಮುಂದೆ, ಭರತನ ಕುತಪವು ರಂಗದ ಹಿಂದುಗಡೆ. ಎರಡು ಕಡೆಯಲ್ಲೂ ಸ್ಥಳವಿಧಾನದಿಂದಲೇ ಕಾರ್ಯವು ಆರಂಭವಾಗುವುದು. ‘ವಿನ್ಯಾಸ’ ಶಬ್ದವು ಸೇನೆಯನ್ನು ವ್ಯೂಹವಾಗಿ ನಿಲ್ಲಿಸುವುದಕ್ಕೂ ಸಲ್ಲುತ್ತಿದ್ದು, ಇಂದಿನ ಕನ್ನಡದಲ್ಲಿ ಕಟ್ಟಡದ, ವಸ್ತ್ರದ, ಪುಟದ ರಚನಾಕ್ರಮವನ್ನು ಹೇಳುವುದು. ಗಾಯಕ ವಾದಕರ ಸಮೂಹಕ್ಕೆ ‘ವೃಂದ’ವೆಂಬ ಮಾತನ್ನು ಶಾರ್ಙ್ಗದೇವನು ಬಳಸಿದನು, 1952ರಲ್ಲಿ ದಿಲ್ಲಿಯ ಆಕಾಶವಾಣಿಯು ತನ್ನ ರಾಷ್ಟ್ರೀಯ ಮೇಳಕ್ಕೆ ‘ವಾದ್ಯವೃಂದ’ವೆಂದು ಹೆಸರಿಟ್ಟಾಗ ಆ ಹಳೆಯ ಮಾತಿಗೆ ಮರುಜೀವ ಬಂದಿತು. ಆದರೆ ವೃಂದದಿಂದ ಕ್ರಿಯಾಪದವಾಗಲಿಲ್ಲ. ವಿನ್ಯಾಸದಲ್ಲಿ ಇರಿಸುವ ಅರ್ಥವಿದೆಯೇ ಹೊರತು ನಡೆಯಿಸುವ ಅರ್ಥವಿಲ್ಲ.

ಇನ್ನು ಈ ಸೀಮೆಗೆ ಬರಬೇಕು. ಇಂದು ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣವು 12ನೆಯ ಶತಮಾನದಲ್ಲಿ ಚಾಳುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ವು ತಲಾ ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳ ಗ್ರಂಥ. ಮೊದಲನೆಯ ವಿಂಶತಿಯು ರಾಜ್ಯವನ್ನು ಪಡೆಯುವ ಬಗೆ, ಎರಡನೆಯದು ಪಡೆದುದನ್ನು ಸ್ಥಿರಗೊಳಿಸುವ ಬಗೆ. ಉಪಭೋಗಗಳನ್ನು ಹೇಳಿ ಮುಗಿಸಿದ ಮೇಲೆ ನಾಲ್ಕನೆಯ ವಿಂಶತಿಯಲ್ಲಿ ಗೀತ, ವಾದ್ಯ, ನೃತ್ಯಗಳ ವಿನೋದ. ಕೋಶ, ದುರ್ಗ, ಅಮಾತ್ಯರನ್ನು ವಿವರಿಸಿದ ಲೇಖನಿಯೇ ಕಥೆಗೆ ಷಟ್ಪದಿ, ವಿವಾಹಕ್ಕೆ ಧವಳ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವುದು ಓವಿ ಎಂದು ಯಾವ ಹಾಡು ಯಾವ ಸಮಯಕ್ಕೆ ಸಲ್ಲುವುದೆಂಬುದನ್ನೂ ಗೊತ್ತುಮಾಡುವುದು. ದೇಶಭಾಷೆಗಳ ಹಾಡುಗಳನ್ನು ಇಷ್ಟು ಆದರದಿಂದ ಗಮನಿಸಿದ ಅರಸರು ವಿರಳ. ಇವನ ಮಗನಾದ ಇಮ್ಮಡಿ ಜಗದೇಕಮಲ್ಲನೂ ‘ಸಂಗೀತಚೂಡಾಮಣಿ’ಯನ್ನು ರಚಿಸಿದನು. ಈ ಗೀತಗಳಿಗೆಲ್ಲ ಶಾಸ್ತ್ರದ ಹೆಸರು ‘ಪ್ರಬಂಧ’.

ಪ್ರಬಂಧದ ಲಕ್ಷಣವು ಪೂರ್ಣವಾಗಿ ದೊರೆಯುವುದು ದೇವಗಿರಿಯ ಸಿಂಘಣನ (1210–1247) ಆಶ್ರಯದಲ್ಲಿದ್ದ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಲ್ಲಿ. ಅದರ ನಾಲ್ಕನೆಯ ಅಧ್ಯಾಯವೆಲ್ಲ ಪ್ರಬಂಧಕ್ಕೇ ಮೀಸಲು. ಗಾನವು ನಿಬದ್ಧ, ಅನಿಬದ್ಧ ಎಂದು ಎರಡು ಬಗೆ. ಕಟ್ಟಿಲ್ಲದೆ ಹರಿಯುವ ಆಲಪ್ತಿಯು ಅನಿಬದ್ಧ. ಧಾತುಗಳಿಂದಲೂ ಅಂಗಗಳಿಂದಲೂ ಕಟ್ಟಿದುದು ನಿಬದ್ಧ. ಅದಕ್ಕೆ ಪ್ರಬಂಧ, ವಸ್ತು, ರೂಪಕ ಎಂದು ಮೂರು ಸಂಜ್ಞೆಗಳು. ಉದ್ಗ್ರಾಹ, ಮೇಲಾಪಕ, ಧ್ರುವ, ಆಭೋಗಗಳು ಧಾತುಗಳು. ಸ್ವರ, ಬಿರುದ, ಪದ, ತೇನಕ, ಪಾಟ, ತಾಳಗಳು ಅಂಗಗಳು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಕಟ್ಟುವ ಕೆಲಸವೆಲ್ಲ ಗೀತದ ಒಳಗೇ ನಡೆಯುವುದು. ವಾಗ್ಗೇಯಕಾರನು ಕಟ್ಟಿಕೊಟ್ಟ ಮೇಲೆ ಗೀತವು ತನ್ನ ಅಂಗಬಲದಿಂದ ನಿಲ್ಲುವುದು. ಹಾಡುವವರೆದುರಿಗೆ ಕೋಲು ಹಿಡಿದವನು ಬೇಕಾಗಿಲ್ಲ. ಅದೇ ಶಾಸ್ತ್ರದಲ್ಲಿ ಗೀತದ ನುಡಿಭಾಗಕ್ಕೆ ‘ಮಾತು’ ಎಂದೂ ಸ್ವರಭಾಗಕ್ಕೆ ‘ಧಾತು’ ಎಂದೂ ಹೆಸರುಂಟು. ಮೊದಲನೆಯದು ಕನ್ನಡಿಗರ ಕಿವಿಗೆ ಮನೆಯ ಮಾತಾಗಿಯೇ ಕೇಳಿಸುವುದಾದರೂ ಅಷ್ಟರಿಂದಲೇ ಅದು ಕನ್ನಡದಿಂದ ಹೋದುದೆಂದು ಸಾಧಿಸಿದಂತಾಗದು.

ಈ ‘ಪ್ರಬಂಧ’ ಶಬ್ದದ ಮುಂದಿನ ಪಾಡು ವಿಚಿತ್ರವಾದುದು. ತೆಲುಗಿನಲ್ಲಿ ಅದು ಒಂದು ಬಗೆಯ ಕಾವ್ಯವಾಯಿತು. ಕನ್ನಡದ ಶಾಲೆಗಳಲ್ಲಿ ವಿದ್ಯಾರ್ಥಿಯು ಬರೆಯುವ ಲೇಖನವಾಯಿತು. ಮರಾಠಿಯಲ್ಲಿ ಪದವಿಗಾಗಿ ಒಪ್ಪಿಸುವ ಸಂಶೋಧನ ಗ್ರಂಥವಾಯಿತು. ಹಿಂದಿಯಲ್ಲಿಯಾದರೋ ವ್ಯವಸ್ಥೆ, ಆಡಳಿತ ಎಂಬರ್ಥವೇ ಮುಂದಾಗಿ, ರೈಲುನಿಲ್ದಾಣದ ಮೇಲಧಿಕಾರಿಯು ‘ಪ್ರಬಂಧಕ’ನಾದನು. ಬೀದರದಲ್ಲಿ ಶಾಲೆಗೆ ಹೋಗುವ ಹುಡುಗನು ಬೆಳಗ್ಗೆ ಪ್ರಬಂಧವನ್ನು ಬರೆದು ಸಂಜೆಗೆ ಪ್ರಬಂಧಕರ ಕೊಠಡಿಯ ಫಲಕವನ್ನು ಓದುವನು. ಎರಡಕ್ಕೂ ಸಂಬಂಧವುಂಟೆಂದು ಅವನಿಗೆ ಹೇಳುವವರಿಲ್ಲ. ಗೀತ ಮತ್ತು ಯೋಜನೆ ಎಂಬ ಎರಡು ಅರ್ಥಗಳೂ ಒಂದೇ ಶಬ್ದದಲ್ಲಿ ಬೆಳೆದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಅದೇ ಕಲ್ಯಾಣದಲ್ಲಿ ಸೋಮೇಶ್ವರನ ತರುವಾಯದ ಪೀಳಿಗೆಯಲ್ಲಿ ಶರಣರ ವಚನಗಳು ಹುಟ್ಟಿದವು. ತಾಳಮಾನಗಳ ಲೆಕ್ಕವನ್ನು ತಾನರಿಯನೆಂದು ಹೇಳಿಕೊಂಡ ಬಸವಣ್ಣನವರೇ ತಮ್ಮ ದೇಹವನ್ನು ವೀಣೆಯ ದಂಡಿಗೆಯಾಗಿಯೂ ನರಗಳನ್ನು ತಂತಿಗಳಾಗಿಯೂ ಭಾವಿಸಿದರೆಂಬುದು ಪ್ರಸಿದ್ಧವಾಗಿದೆ. ಅರಮನೆಯ ನಿಬದ್ಧಕ್ಕೆ ಇದು ಉತ್ತರವೆಂದು ಹೇಳುವುದು ಅತಿಯಾದೀತು. ಕಟ್ಟು ಮತ್ತು ಕಟ್ಟಿಲ್ಲದಿರುವಿಕೆ ಎರಡಕ್ಕೂ ಒಂದೇ ಊರು ಎಡೆಗೊಟ್ಟಿತೆಂದು ಮಾತ್ರ ಹೇಳಬಹುದು.

ಅಹಮದ್ ಷಾ ವಲಿಯು (1422–1436) ಗುಲ್ಬರ್ಗದಿಂದ ಬೀದರಕ್ಕೆ ರಾಜಧಾನಿಯನ್ನು ತಂದ ಮೇಲೆ ಈ ಸೀಮೆಯ ಬರವಣಿಗೆಯಲ್ಲಿ ಪಾರಸೀ ಭಾಷೆಯು ನೆಲೆಯೂರಿತು. ಅದರ ಉಚ್ಛ್ರಾಯಕ್ಕೆ ಸಾಕ್ಷಿಯಾದವನು ಮಹಮೂದ್ ಗವಾನನು. 1472ರಲ್ಲಿ ಅವನು ಕಟ್ಟಿಸಿದ ವಿದ್ಯಾಲಯದ ಅವಶೇಷವು ಬೀದರ ನಗರದಲ್ಲಿ ಇನ್ನೂ ನಿಂತಿದೆ. ನಾಲ್ಕು ತರಫುಗಳಾಗಿದ್ದ ಬಹಮನೀ ರಾಜ್ಯವನ್ನು ಎಂಟಾಗಿ ವಿಭಾಗಿಸಿ ಪ್ರಾಂತಾಧಿಪತಿಗಳ ಬಲವನ್ನು ತಗ್ಗಿಸಿದ ಈ ಮಂತ್ರಿಯೇ ಪತ್ರಲೇಖನಕಲೆಯನ್ನು ಕುರಿತು ‘ಮನಾಜಿರುಲ್ ಇನ್ಶಾ’ ಎಂಬ ಶಾಸ್ತ್ರಗ್ರಂಥವನ್ನು ಬರೆದನು. ಅವನ ಪತ್ರಗಳ ಸಂಗ್ರಹವು ‘ರಿಯಾಜುಲ್ ಇನ್ಶಾ’. ವಾಕ್ಯಗಳನ್ನು ಜೋಡಿಸುವ ಮತ್ತು ಪ್ರಾಂತಗಳನ್ನು ಜೋಡಿಸುವ ಎರಡು ವಿದ್ಯೆಗಳೂ ಒಬ್ಬನಲ್ಲಿಯೇ ಇದ್ದವು. 1481ರಲ್ಲಿ ಅವನ ಕೊಲೆಗೆ ಕಾರಣವಾದುದೂ ಅವನ ಮುದ್ರೆಯೊತ್ತಿದ ಒಂದು ಕೃತ್ರಿಮ ಪತ್ರವೇ ಆದುದು ದೈವವಿಪರ್ಯಾಸ.

ಪಾರಸಿಯಲ್ಲಿ ‘ಬಸ್ತನ್’ ಎಂದರೆ ಕಟ್ಟುವುದು. ಅದರ ವರ್ತಮಾನಕಾಲದ ಪ್ರಕೃತಿ ‘ಬಂದ್’. ಸಂಸ್ಕೃತದ ‘ಬಂಧ್’ ಧಾತುವಿಗೆ ಇದು ಒಡಹುಟ್ಟು. ಇಂಗ್ಲಿಷಿನ ‘ಬೈಂಡ್’ ಸಹ ಅದೇ ಕುಲದ್ದು. ಆದರೆ ಮದುವೆಯ ಮೆರವಣಿಗೆಯ ಮುಂದೆ ಊದುವವರ ‘ಬ್ಯಾಂಡು’ ಇದೇ ಕುಲಕ್ಕೆ ಸೇರಿತೆಂದು ಅವಸರದಿಂದ ಹೇಳಬಾರದು. ಗುಂಪು ಎಂಬರ್ಥದ ಆ ಶಬ್ದವು ಧ್ವಜ, ಗುರುತು ಎಂಬರ್ಥದ ಬೇರೊಂದು ಮಾತಿನಿಂದ ಬಂದುದೆಂಬ ಅಭಿಪ್ರಾಯವೇ ಬಲವಾದುದು. ಧ್ವನಿಸಾಮ್ಯವನ್ನು ನಂಬಿ ಕೆಟ್ಟ ವ್ಯುತ್ಪತ್ತಿಗಳಿಗೆ ಲೆಕ್ಕವಿಲ್ಲ.

‘ಬಂದ್’ ಪ್ರಕೃತಿಯಿಂದ ಹುಟ್ಟಿದ ಎರಡು ಶಬ್ದಗಳು ಈ ವಿಚಾರಕ್ಕೆ ಮುಖ್ಯವಾದುವು. ಒಂದು ‘ಬಂದಿಶ್’. ಹಿಂದುಸ್ತಾನೀ ಗಾಯಕರಲ್ಲಿ ರಾಗ ತಾಳಗಳಲ್ಲಿ ಕಟ್ಟಿದ ಚೀಜಿಗೆ ಈ ಹೆಸರು. ಶಾರ್ಙ್ಗದೇವನ ‘ನಿಬದ್ಧ’ಕ್ಕೆ ಅಕ್ಷರಶಃ ಪರ್ಯಾಯ. 1884ರಲ್ಲಿ ಅಚ್ಚಾದ ಪ್ಲಾಟ್ಸನ ಉರ್ದು ನಿಘಂಟುವನ್ನು ನೋಡಿದರೆ ಅದೇ ಶಬ್ದಕ್ಕೆ ಕಟ್ಟು, ಗಂಟು ಎಂಬ ಅರ್ಥಗಳೊಡನೆ ಉಪಾಯ, ಒಳಸಂಚು ಎಂಬ ಅರ್ಥಗಳೂ ದೊರೆಯುವುವು. ಇನ್ನೊಂದು ‘ಬಂದೋಬಸ್ತು’. ಇದರಲ್ಲಿ ಧಾತುವಿನ ಎರಡು ರೂಪಗಳೂ ಜೋಡಿಯಾಗಿ ನಿಂತಿವೆ. ಕಟ್ಟಿ ಬಿಗಿ ಮಾಡಿದುದು ಎಂದು ತಾತ್ಪರ್ಯ. ಭೂಮಿಯನ್ನಳೆದು ಕಂದಾಯವನ್ನು ಗೊತ್ತುಮಾಡುವುದು, ಪ್ರಯಾಣಕ್ಕೆ ಬೇಕಾದುದನ್ನು ಅಣಿಮಾಡುವುದು, ಪೋಲೀಸರ ಕಾವಲು, ಗಟ್ಟಿಯಾದ ಬೀಗ ಇವೆಲ್ಲಕ್ಕೂ ಕನ್ನಡಿಗನು ಈ ಮಾತನ್ನು ಬಳಸುವನು. ಒಂದೇ ಧಾತುವಿನ ಒಂದು ಕವಲು ಮಹಫಿಲಿಗೂ ಮತ್ತೊಂದು ಕಚೇರಿಗೂ ಹೋಯಿತು. ಕನ್ನಡದಲ್ಲಿ ‘ಕಚೇರಿ’ ಎಂಬ ಮಾತೂ ಉತ್ತರದಲ್ಲಿ ಸರಕಾರದ ಠಾಣೆಯಾಗಿ, ದಕ್ಷಿಣದಲ್ಲಿ ಸಂಗೀತದ ಸಭೆಯೂ ಆಗಿರುವುದನ್ನು ಇಲ್ಲಿ ನೆನೆಯಬಹುದು.

ಪ್ರಬಂಧದಿಂದ ಬಂದಿಶಿಗೆ ದಾರಿಯು ಒಮ್ಮೆಲೇ ಹಾರಿದುದಲ್ಲ. 1619ರಲ್ಲಿ ಬೀದರವು ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಾಹನ (1580–1627) ವಶವಾಯಿತು. ಸಂಗೀತಲೋಲುಪನಾದ ಆ ಸುಲ್ತಾನನು ದಖನಿಯಲ್ಲಿ ರಚಿಸಿದ ‘ಕಿತಾಬೆ ನವರಸ’ದ ಹಾಡುಗಳಿಗೆ ರಾಗಗಳ ಹೆಸರುಗಳಿವೆ, ಅವುಗಳ ವಿಭಾಗಗಳಲ್ಲಿ ‘ಅಂತರಾ’, ‘ಆಭೋಗ’ ಎಂಬ ಸಂಜ್ಞೆಗಳು ಕಾಣುವುವು. ದೇವಗಿರಿಯ ಶಾಸ್ತ್ರಕಾರನ ಧಾತುಗಳು ಮೂರೂವರೆ ಶತಮಾನಗಳು ಕಳೆದ ಮೇಲೆಯೂ ಸುಲ್ತಾನನ ಹಾಡಿನಲ್ಲಿ ಉಳಿದುವು. ಹುಮನಾಬಾದಿನ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದೀ ಮೊದಲಾದ ಭಾಷೆಗಳಲ್ಲಿ ಪದಗಳನ್ನು ಕಟ್ಟಿ ಅದೇ ಪರಂಪರೆಯನ್ನು ಭಕ್ತಿಗೆ ತಿರುಗಿಸಿದರು.

1724ರಿಂದ ಮುಂದೆ ಈ ಸೀಮೆಯು ಹೈದರಾಬಾದಿನ ಆಸಫಜಾಹಿಗಳ ಕೈಕೆಳಗಿದ್ದಿತು. ಅವರ ಬಿರುದೇ ಈ ಶಬ್ದಚರಿತ್ರೆಗೆ ಒಂದು ಪ್ರಮಾಣ. ಅರಬಿಯ ‘ನ-ಜ್-ಮ’ ಎಂಬ ಧಾತುವಿಗೆ ಮುತ್ತುಗಳನ್ನು ದಾರದಲ್ಲಿ ಕೋದು ಸರಮಾಡುವುದೆಂದು ಅರ್ಥ. ಅದರಿಂದ ‘ನಜ್ಮ್’ ಎಂದರೆ ಪದ್ಯ. ಅದಕ್ಕೆ ವಿರೋಧವಾದ ‘ನಸ್ರ್’ ಎಂದರೆ ಚೆಲ್ಲಿದುದು, ಗದ್ಯ. ಅದೇ ಧಾತುವಿನಿಂದ ‘ನಿಜಾಮ್’ ಎಂದರೆ ಸುವ್ಯವಸ್ಥೆ. ‘ನಿಜಾಮುಲ್ ಮುಲ್ಕ್’ ಎಂದರೆ ರಾಜ್ಯಕ್ಕೆ ವ್ಯವಸ್ಥೆಯಾದವನು. ‘ಇಂತಜಾಮು’ ಎಂದರೆ ಏರ್ಪಾಡು. ‘ನಾಜಿಮ್’ ಎಂದರೆ ಆಡಳಿತಾಧಿಕಾರಿಯೂ ಹೌದು, ಪದ್ಯ ಕಟ್ಟುವವನೂ ಹೌದು. ಆಳುವವನಿಗೂ ಕವಿಗೂ ಒಂದೇ ದಾರ. ನಿಬದ್ಧ, ಅನಿಬದ್ಧಗಳಿಗೂ ನಜ್ಮ್, ನಸ್ರ್‌ಗಳಿಗೂ ಇರುವ ಸಾಮ್ಯವನ್ನು ತೌಲನಿಕ ಕಾವ್ಯಮೀಮಾಂಸೆಯ ಪಾಠ ಹೇಳುವ ಅಧ್ಯಾಪಕರು ಪ್ರತ್ಯೇಕವಾಗಿಯೇ ಪರಿಶೀಲಿಸತಕ್ಕದ್ದು.

ಹೈದರಾಬಾದಿನ ದಿವಾನನಾದ ಒಂದನೆಯ ಸಾಲಾರಜಂಗನು 1865ರಲ್ಲಿ ಜಿಲ್ಲೆಗಳನ್ನೇರ್ಪಡಿಸಿದ ವ್ಯವಸ್ಥೆಗೆ ‘ಜಿಲ್ಲಾಬಂದಿ’ಯೆಂದು ಹೆಸರಾಯಿತು. ಮತ್ತೆ ‘ಬಂದ್’. ಹಳ್ಳಿಯ ಲೆಕ್ಕ ಕಟ್ಟುವ ‘ಜಮಾಬಂದಿ’ಯು ಇಂದಿಗೂ ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿ ವರ್ಷಂಪ್ರತಿ ನಡೆಯುವುದು. 1880ರ ದಶಕದಲ್ಲಿ ಪಾರಸಿಯ ಸ್ಥಾನವನ್ನು ಉರ್ದು ಪಡೆಯಿತು. 1917ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಭಾಷಾಂತರ ಸಂಸ್ಥೆಯು ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ಪಾಶ್ಚಾತ್ಯ ಶಾಸ್ತ್ರಗಳ ಪರಿಭಾಷೆಯನ್ನೆಲ್ಲ ಉರ್ದುವಿಗೆ ತರುವ ಸಾಹಸಮಾಡಿತು. ಆ ರಾಜ್ಯದ ಕನ್ನಡಕ್ಕೆ ಅಂಥ ಭಾಗ್ಯವಿರಲಿಲ್ಲ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು (ನಿಧನ 1999) ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರೆಂಬುದು ಆ ಕಾಲದ ಸ್ಥಿತಿಯನ್ನು ತಿಳಿಸುವುದು. ಕಚೇರಿಯ ಮಾತೆಲ್ಲ ಫಲಕದ ಕಡೆಗಿದ್ದಿತು. ಕನ್ನಡಕ್ಕೆ ಒಳಮನೆಯ ಮಾತುಗಳಷ್ಟೇ ಉಳಿದುವು. ಆದರೆ ಆ ಒಳಮನೆಯ ಮಾತುಗಳಲ್ಲಿ ಒಂದು, ಮೇಲೆ ಹೇಳಿದ ಶಾಸ್ತ್ರಶಬ್ದಗಳಿಗೆಲ್ಲ ಸರಿದೂಗುವಂಥದು.

ಅದು ‘ಕಟ್ಟು’. ಇದು ದ್ರಾವಿಡ ಧಾತು. ಸಂಸ್ಕೃತದ ಬಂಧಕ್ಕೂ ಪಾರಸಿಯ ಬಂದಿಗೂ ಇದಕ್ಕೂ ರಕ್ತಸಂಬಂಧವಿಲ್ಲ. ಆದರೂ ಅರ್ಥವಿಕಾಸವು ಒಂದೇ ಹಾದಿಯಲ್ಲಿ ನಡೆದಿದೆ. ದನವನ್ನು ಕಟ್ಟುವರು, ಕೆರೆಯನ್ನು ಕಟ್ಟುವರು, ಮನೆಯನ್ನು ಕಟ್ಟುವರು. ಪದವನ್ನು ಕಟ್ಟುವರು, ಮೇಳವನ್ನು ಕಟ್ಟುವರು, ಸಂಘವನ್ನು ಕಟ್ಟುವರು. ಭಾಲ್ಕಿ, ಔರಾದಗಳ ಕಡೆಯ ಭಜನೆಯವರು ‘ಮೇಳ’ವನ್ನು ತಮ್ಮ ಉಚ್ಚಾರದಲ್ಲಿ ‘ಮ್ಯಾಳ’ವೆಂದರೂ ಅದರ ಜೊತೆಗೆ ಬರುವ ಕ್ರಿಯಾಪದವು ಬದಲಾಗುವುದಿಲ್ಲ. ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು ಇವು ಶಾಸನದ ಮಾತುಗಳು. ಒಗ್ಗಟ್ಟು ಎಂಬುದರಲ್ಲಿ ಹಲವರು ಒಂದು ಕಟ್ಟಾಗುವರು. ಕಥೆ ಕಟ್ಟುವವನು ಕವಿಯೂ ಆಗಬಹುದು, ಸುಳ್ಳುಗಾರನೂ ಆಗಬಹುದು. ಇದೇ ಧಾತುವು ಗಾನಕ್ಕೆ ವೈರಿಯೂ ಆಗುವುದುಂಟು: ಶೀತವಾದ ಗಾಯಕನಿಗೆ ಗಂಟಲು ಕಟ್ಟುವುದು! 1894ರ ಕಿಟ್ಟೆಲರ ನಿಘಂಟುವಿನಲ್ಲಿ ಈ ಒಂದು ಶಬ್ದದ ಅರ್ಥಪ್ರಪಂಚವನ್ನು ನೋಡಿದವರಿಗೆ, ಪ್ರಬಂಧ, ಬಂದಿಶ್, ಬಂದೋಬಸ್ತುಗಳು ಬೇರೆ ಬೇರೆಯಾಗಿ ಹೊರುವ ಹೊರೆಯನ್ನು ಇದೊಂದೇ ಹೊತ್ತಿರುವುದು ಮನದಟ್ಟಾಗುವುದು.

ಇಷ್ಟಾದರೂ ‘ಆರ್ಕೆಸ್ಟ್ರೇಟ್’ ಎಂಬುದಕ್ಕೆ ‘ಕಟ್ಟು’ ಎಲ್ಲೆಡೆಯೂ ಸಲ್ಲುವುದೆಂದು ಹೇಳಲಾಗದು. ಕಟ್ಟಿದ ಮೇಲೆ ಕಟ್ಟಿದವನಿಲ್ಲದೆಯೂ ವಸ್ತುವು ನಿಲ್ಲುವುದು ಕನ್ನಡದ ಕಲ್ಪನೆ. ಕೊನೆಯವರೆಗೂ ಒಬ್ಬನು ಹೊರಗೆ ನಿಂತು ನಡೆಯಿಸುತ್ತಿರುವುದು ಇಂಗ್ಲಿಷಿನ ಕಲ್ಪನೆ. ಆ ನಡೆಯಿಸುವವನಿಗೆ ಕನ್ನಡದಲ್ಲಿ ಹೆಸರಿಲ್ಲವೇ? ಇದೆ, ಅದು ‘ಸೂತ್ರಧಾರ’. ನಾಟಕದಲ್ಲಿ ಪೂರ್ವರಂಗವನ್ನು ನಡೆಯಿಸಿ ಪ್ರಯೋಗವನ್ನು ಆರಂಭಿಸುವವನು ಇವನೇ. ಅಳತೆಯ ನೂಲನ್ನು ಹಿಡಿದು ಗುಡಿಯ ರೇಖೆಯನ್ನು ಎಳೆಯುವ ಶಿಲ್ಪಿಯೂ ಇವನೇ: ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ನಿರ್ಮಿಸಿದ ಗುಂಡನೆಂಬವನನ್ನು 8ನೆಯ ಶತಮಾನದ ಕನ್ನಡ ಶಾಸನವು ‘ಸೂತ್ರಧಾರಿ’ಯೆಂದು ಕರೆದಿದೆ. ಇಂದಿನ ವೃತ್ತಪತ್ರಿಕೆಗಳಲ್ಲಿ ಕಳವಿನ ಹಿಂದೆ ನಿಂತು ಮಾಡಿಸಿದವನನ್ನೂ ಪ್ರಕರಣದ ಸೂತ್ರಧಾರನೆನ್ನುವರು. ರಂಗ, ಯೋಜನೆ, ಕುತಂತ್ರ ಈ ಮೂರಕ್ಕೂ ಸಲ್ಲುವ ನಾಮಪದವು ಮನೆಯಲ್ಲಿರುವಾಗ ಹೊಸದನ್ನು ಟಂಕಿಸುವ ಶ್ರಮವೇಕೆ?

ಕ್ರಿಯಾಪದದಲ್ಲಿ ಸದಸದ್ವಿವೇಕ ಬೇಕು. ‘ಯೋಜನೆ’ಯು ಯುಜ್ ಧಾತುವಿನದು, ನೊಗಕ್ಕೆ ಹೂಡುವುದೆಂದರ್ಥ. ಅದಕ್ಕೆ ಉಪಸರ್ಗ ಸೇರಿದ ‘ಸಂಯೋಜನೆ’ಯು ಈಗ ರಾಗಸಂಯೋಜನೆಯಲ್ಲಿಯೂ ಕಾರ್ಯಕ್ರಮಗಳ ಸಂಯೋಜಕರಲ್ಲಿಯೂ ರೂಢವಾಗಿದೆ, ಗೀತ ಮತ್ತು ಸತ್ಕಾರ್ಯಗಳಿಗೆ ಅದು ಯುಕ್ತವಾದ ಮಾತು. ದುಷ್ಕಾರ್ಯಕ್ಕೆ ಅದು ಸಲ್ಲದು. ಅದೇ ನೊಗದ ಕಲ್ಪನೆಯುಳ್ಳ ಕನ್ನಡದ ‘ಹೂಡು’ ಎಂಬ ಧಾತುವು ಬಾಣ ಹೂಡು, ಬಂಡವಾಳ ಹೂಡು, ದಾವೆ ಹೂಡು ಎಂದು ಉದ್ದೇಶಪೂರ್ವಕವಾದ ಕಾರ್ಯಗಳಲ್ಲೆಲ್ಲ ನಡೆದು, ‘ಸಂಚು ಹೂಡು’ ಎಂಬಲ್ಲಿ ಬೇಕಾದ ಅರ್ಥವನ್ನು ಕೊಡುವುದು. ಇದಕ್ಕೆ ಪಾರಸಿಯಲ್ಲಿಯೂ ಒಂದು ಜೋಡಿಯುಂಟು. ‘ಸಾಜ್’ ಎಂದರೆ ವಾದ್ಯ, ಅದೇ ಧಾತುವಿನ ‘ಸಾಜಿಶ್’ ಎಂಬುದು ಪಾರಸಿಯಲ್ಲಿ ಒಡಂಬಡಿಕೆ, ಸಂಧಾನ, ಉರ್ದುವಿನಲ್ಲಿಯಾದರೋ ಒಳಸಂಚು. ವಾದ್ಯಗಳ ಶ್ರುತಿ ಕೂಡುವುದಕ್ಕೂ ಕೇಡಿಗರ ಮನಸ್ಸು ಕೂಡುವುದಕ್ಕೂ ಒಂದೇ ಮೂಲವನ್ನು ಕಂಡ ಜನರು ಇಂಗ್ಲಿಷರು ಮಾತ್ರವಲ್ಲ.

ಈ ವಿವೇಕವು ಎಷ್ಟು ಅವಶ್ಯವೆಂಬುದು ಬೀದರ ಸೀಮೆಯ 1948ರ ಚರಿತ್ರೆಯನ್ನು ಬರೆಯುವಾಗ ತಿಳಿಯುವುದು. ಆ ವರ್ಷದ ಮೇ ತಿಂಗಳಲ್ಲಿ ಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರಿಂದ ಹತ್ಯೆಗಳು ನಡೆದುವು. ಸೆಪ್ಟೆಂಬರಿನಲ್ಲಿ ಭಾರತಸೈನ್ಯದ ಕಾರ್ಯಾಚರಣೆಯಾದ ತರುವಾಯ ಮುಸಲ್ಮಾನರ ಮೇಲೆ ಹಿಂಸೆ ನಡೆಯಿತು. ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯ ವರದಿಯು ಬಹುಕಾಲ ಪ್ರಕಟವಾಗದಿದ್ದು, ಅತ್ಯಧಿಕ ಹಾನಿಗೊಂಡ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ನಾಂದೇಡಗಳೊಡನೆ ಬೀದರವನ್ನೂ ಹೆಸರಿಸಿದೆ. ಎರಡೂ ಪಕ್ಷಗಳ ವಂಶಸ್ಥರು ಇಂದಿಗೂ ಒಂದೇ ಬೀದಿಯಲ್ಲಿ ವಾಸಿಸುವರು. ಇಂಥ ಘಟನೆಗಳನ್ನು ಕುರಿತ ಇಂಗ್ಲಿಷು ಬರವಣಿಗೆಯಲ್ಲಿ ‘ಆರ್ಕೆಸ್ಟ್ರೇಟೆಡ್’ ಎಂಬ ವಿಶೇಷಣವು ಬಂದಾಗ ಭಾಷಾಂತರಕಾರನು ‘ಸಂಘಟಿತ’ವೆಂದರೆ, ಜನ ಕೂಡಿ ಮಾಡಿದರು ಎಂದಷ್ಟೇ ಆಗುವುದು, ಮಾಡಿಸಿದವನು ಮರೆಯಾಗುವನು. ‘ಸಂಯೋಜಿತ’ವೆಂದರೆ ಸತ್ತವರಿಗೆ ಅಪಚಾರ. ‘ಸಂಚು ಹೂಡಿ ನಡೆಯಿಸಿದ’ ಎಂದರೆ ಅರ್ಥವು ಪೂರ್ಣವಾಗುವುದು. ಆದರೆ ಆಗ ನಿಯಾಮಕನೂ, ಪೂರ್ವನಿಶ್ಚಯವೂ, ಹಂಚಿದ ಪಾಲುಗಳೂ ಇದ್ದುವೆಂದು ಹೇಳಿದಂತಾಗುವುದು. ಮೂಲಲೇಖಕನು ಅದಕ್ಕೆ ಆಧಾರವನ್ನು ಕೊಟ್ಟಿದ್ದರೆ ಹಾಗೆಯೇ ಬರೆಯತಕ್ಕದ್ದು. ಆಧಾರವಿಲ್ಲದೆ ಅವನು ಶಬ್ದದ ಬೆಡಗಿಗಾಗಿ ಅದನ್ನು ಬಳಸಿದ್ದರೆ, ಆ ಸಡಿಲಿಕೆಯು ಕನ್ನಡದಲ್ಲಿ ಬಯಲಿಗೆ ಬೀಳುವುದು ಒಳ್ಳೆಯದೇ. ‘ಏಕಕಾಲದಲ್ಲಿ ಹಲವೆಡೆ ನಡೆದ’ ಎಂಬ ಸಾದಾ ಮಾತು ಅಂಥ ಕಡೆಯಲ್ಲಿ ಹೆಚ್ಚು ಪ್ರಾಮಾಣಿಕವಾದುದು.

ಕೆಲವರು ಈ ಎಲ್ಲ ಅರ್ಥಗಳಿಗೂ ಒಂದೇ ಸಂಸ್ಕೃತ ಪದವನ್ನು ಗೊತ್ತುಮಾಡಿ ಪಾರಿಭಾಷಿಕ ಕೋಶಗಳಲ್ಲಿ ಸೇರಿಸಬೇಕೆನ್ನುವರು. ಭೌತಶಾಸ್ತ್ರಕ್ಕೆ ಅದು ತಕ್ಕ ಕ್ರಮವಾಗಬಹುದು. ಚರಿತ್ರೆಯಲ್ಲಿ ಕರ್ತೃವಿನ ಅಭಿಪ್ರಾಯವೇ ಪ್ರಧಾನವಾದುದರಿಂದ, ಗೀತಕ್ಕೆ ‘ವಾದ್ಯಸಂಯೋಜನೆ’, ಸಂಸ್ಥೆಗೆ ‘ಕಟ್ಟು’, ಕೇಡಿಗೆ ‘ಸಂಚು ಹೂಡು’, ಮಾಡಿಸಿದವನಿಗೆ ‘ಸೂತ್ರಧಾರ’ ಎಂದು ಬೇರೆಬೇರೆಯಾಗಿಯೇ ಇಡುವುದು ಲೇಸು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯು ಒಡೆದು, ಬೀದರ, ಭಾಲ್ಕಿ, ಹುಮನಾಬಾದ, ಸಂತಪುರ (ಔರಾದ) ತಾಲ್ಲೂಕುಗಳು ಮೈಸೂರು ರಾಜ್ಯಕ್ಕೂ, ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿಗೂ ಸೇರಿದುವು. ಗಡಿಯ ಕಲ್ಲುಗಳು ಸರಿದರೂ ಶಬ್ದಗಳು ಹಾಗೆ ಸರಿಯಲಿಲ್ಲ. ಔರಾದದ ರೈತನು ಕನ್ನಡ ಪದವನ್ನು ಕಟ್ಟಿ ಹಾಡಿ, ಮರಾಠಿ ಓವಿಯನ್ನು ಕೇಳಿ, ಜಾತ್ರೆಗೆ ಪೋಲೀಸರ ಬಂದೋಬಸ್ತನ್ನು ಬೇಡುವನು. ಇಂಗ್ಲಿಷಿನ ನಾಮಪದವೂ ಈಗ ಈ ಸಂತೆಗೆ ಬಂದು ಸೇರಿದೆ. ಕರ್ನಾಟಕದಲ್ಲಿ ‘ಆರ್ಕೆಸ್ಟ್ರಾ’ ಎಂದರೆ ಯೂರೋಪಿನ ಮಹಾಮೇಳವಲ್ಲ. ಗಣೇಶೋತ್ಸವದ ರಾತ್ರಿಯಲ್ಲಿ ಚಪ್ಪರದ ಕೆಳಗೆ ಚಲಚ್ಚಿತ್ರದ ಹಾಡುಗಳನ್ನು ಹಾಡುವ ತಂಡ. ಆ ತಂಡವನ್ನು ಸ್ಥಾಪಿಸಿದವನ ವಿಷಯವಾಗಿ ಊರವರು ಆಡುವ ಮಾತಿನಲ್ಲಿ ನಾಮಪದವು ಗ್ರೀಕಿನದಾದರೂ ಕ್ರಿಯಾಪದವು ಹಳೆಯದೇ: ಅವನು ಆರ್ಕೆಸ್ಟ್ರಾ ಕಟ್ಟಿದನು.